ರಾತ್ರಿ ಓದಿದ್ದು ಬೆಳಿಗ್ಗೆ ಮಾಯವಾಗದಂತೆ ಓದೋದು ಹೇಗೆ?

ವಿಜಯಪುರದಲ್ಲಿ ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರ ರೂಮಿಗೆ ಹೋಗಿ ನೋಡಿ, ಪುಸ್ತಕಗಳೆಲ್ಲ ಹೈಲೈಟರ್ ಬಳಿದು ಹಳದಿ ಆಗಿರುತ್ತವೆ. ನಾನೂ ಎರಡು ವರ್ಷ ಹಾಗೇ ಓದಿದವನು. ಐಹೊಳೆ ಶಾಸನದ ಪುಟವನ್ನು ಎಷ್ಟು ಸಲ ಓದಿದ್ದೆ ಅಂದರೆ, ಅದು ಎಡಗಡೆ ಪುಟದ ಕೆಳಗೆ, ಚಹಾದ ಕಲೆ ಪಕ್ಕದಲ್ಲಿದೆ ಅನ್ನೋದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪರೀಕ್ಷೆಯಲ್ಲಿ ಇಸವಿ ಮಾತ್ರ ನೆನಪಾಗಲಿಲ್ಲ.

ಯಾಕೆ ಹೀಗೆ? ಬಸ್ ಸ್ಟ್ಯಾಂಡಿನಲ್ಲಿ ಯಾರೋ ಸಿಗ್ತಾರೆ, ಮುಖದ ಗುರುತಿದೆ, ಹೆಸರು ಬಾಯಿಗೆ ಬರಲ್ಲ, ಅಲ್ವಾ? ಗುರುತು ಹಿಡಿಯೋದು ಮಿದುಳಿಗೆ ಸುಲಭ, ಹುಡುಕಿ ತೆಗೆಯೋದು ಕಷ್ಟ. ಮತ್ತೆ ಮತ್ತೆ ಓದಿದಾಗ ಪುಟದ ಗುರುತು ಸಿಗುತ್ತೆ, ನಾವು ಅದನ್ನೇ 'ಬಂತು' ಅಂದುಕೊಳ್ಳುತ್ತೇವೆ.

ಹಾಗಾಗಿ ಒಂದು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಹಾಳೆ ಮೇಲೆ ಬರೆಯಿರಿ. ಬರಲಿಲ್ಲ ಅಂತ ತಕ್ಷಣ ತೆಗೆದು ನೋಡಬೇಡಿ, ಒಂದು ನಿಮಿಷ ಒದ್ದಾಡಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ನೆನಪಿಸಿಕೊಂಡವರು ಮುಂದೆ ಹೋಗಿದ್ದರು. ಪರೀಕ್ಷೆ ಯಾರಿಗೂ ಐದು ನಿಮಿಷಕ್ಕೆ ಇರಲ್ಲ.

ಆಮೇಲೆ ಕಾರ್ಡು. ದುಡ್ಡು ಕೊಟ್ಟು ತರಬೇಡಿ, ಮನೆಯಲ್ಲಿ ಹಳೇ ಲಗ್ನಪತ್ರಿಕೆ ರಾಶಿ ಇರುತ್ತೆ, ನಾಲ್ಕು ತುಂಡು ಮಾಡಿ. ಖಾಲಿ ಕಡೆ 'ಐಹೊಳೆ ಶಾಸನ: ಯಾರು, ಯಾವಾಗ?' ಅಂತ ಬರೆದು, ಹಿಂದೆ ಅಕ್ಷರಗಳ ನಡುವೆ ಜಾಗ ಮಾಡಿಕೊಂಡು 'ರವಿಕೀರ್ತಿ, 634' ಅಂತ ಬರೆಯಿರಿ. ತಪ್ಪಿದ ಕಾರ್ಡು ನಾಳೆಯ ಕಟ್ಟಿಗೆ. ಸರಿಯಾದದ್ದು ಮೂರು ದಿನದ ಕಟ್ಟಿಗೆ, ಮತ್ತೆ ಸರಿಯಾದರೆ ವಾರದ ಕಟ್ಟಿಗೆ. ಮೂರು ರಬ್ಬರ್ ಬ್ಯಾಂಡ್ ಸಾಕು. ಮೊದಲ ವಾರ ದಿನಕ್ಕೆ ನಲವತ್ತು ಪುಟ ಓದುತ್ತಿದ್ದವರು ಹನ್ನೆರಡಕ್ಕೆ ಇಳೀತೀರಿ, ರೂಮ್‌ಮೇಟ್ ನಗ್ತಾನೆ, ನಗಲಿ ಬಿಡಿ.

ಇನ್ನು ನಿದ್ದೆ. 1953ರಲ್ಲಿ ಹೆನ್ರಿ ಮೊಲೈಸನ್ ಅನ್ನೋ ಯುವಕನಿಗೆ ಮೂರ್ಛೆ ರೋಗಕ್ಕೆ ಅಂತ ಆಪರೇಷನ್ ಮಾಡಿ, ಮಿದುಳಿನ ಎರಡೂ ಕಡೆ ಇರುವ ಹಿಪೊಕ್ಯಾಂಪಸ್ ಅನ್ನೋ ಭಾಗದ ದೊಡ್ಡ ಪಾಲನ್ನು ತೆಗೆದರು. ಚಿಕ್ಕಂದಿನದೆಲ್ಲ ನೆನಪಿತ್ತು, ಆದರೆ ಆಗಷ್ಟೇ ಭೇಟಿಯಾದವರು ಹೊರಗೆ ಹೋಗಿ ಬಂದರೆ ಮತ್ತೆ ಹೊಸಬರೇ. ಹೊಸ ನೆನಪು ಮೊದಲು ಈ ಭಾಗವನ್ನೇ ನೆಚ್ಚಿಕೊಂಡಿರುತ್ತೆ, ಮಿದುಳಿನ ಬೇರೆ ಕಡೆ ಗಟ್ಟಿಯಾಗಿ ಕೂರೋ ಕೆಲಸ ಗಾಢ ನಿದ್ದೆಯಲ್ಲಿ ಚೆನ್ನಾಗಿ ನಡೆಯುತ್ತೆ. ರಾತ್ರಿ ಎರಡರವರೆಗೆ ಓದಿ ಆರಕ್ಕೆ ಏಳೋದು ಅಂದರೆ ಫಸಲು ತೆಗೆದು ಹೊಲದಲ್ಲೇ ಬಿಟ್ಟು ಬಂದ ಹಾಗೆ.

ರಾತ್ರಿ ಹತ್ತು ಗಂಟೆಯ ಚಹಾ ಇದಕ್ಕೆ ದೊಡ್ಡ ಅಡ್ಡಿ. ದಿನವಿಡೀ ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ತರಿಸುತ್ತೆ, ಅದು ಕೂರಬೇಕಾದ ಜಾಗದಲ್ಲಿ ಚಹಾದಲ್ಲಿರೋ ಕೆಫೀನ್ ಬಂದು ಕೂತುಬಿಡುತ್ತೆ. ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಚಹಾ ಬಿಡೋಕಾಗಲ್ಲ ಅಂದರೆ ಸಂಜೆ ನಾಲ್ಕರೊಳಗೆ ಕುಡಿದು ಮುಗಿಸಿ, ರಾತ್ರಿ ಗೆಳೆಯರು ಕರೆದರೆ ಜೊತೆಗೆ ಹೋಗಿ, ಸುಮ್ನೆ ಬಿಸ್ಕಿಟ್ ತಿಂದು ಬನ್ನಿ.