ಎಳೆಯದೆ ಅಳೆಯಲು ಕಟ್ಟಿಸಿದ ಸ್ಟ್ಯಾಂಡು: ನನ್ನ ಅನುಭವ

ಶಿರಸಿಯಲ್ಲಿ ಪರದೆ ಮತ್ತು ಸೋಫಾ ಬಟ್ಟೆಯ ಅಂಗಡಿ ನಡೆಸುವ ನನಗೆ, ರೋಲುಗಳನ್ನು ಎಲ್ಲಿ ಮತ್ತು ಹೇಗೆ ಇಡಬೇಕೆಂಬುದು ಬಹಳ ವರ್ಷ ಕೇವಲ ಜಾಗದ ಪ್ರಶ್ನೆಯಾಗಿಯೇ ಕಂಡಿತ್ತು. ರೋಲುಗಳನ್ನು ಮೂಲೆಯಲ್ಲಿ ಕಂಬಗಳಂತೆ ನಿಲ್ಲಿಸಿ, ಗಿರಾಕಿ ಕೇಳಿದ್ದನ್ನು ಹೆಗಲ ಮೇಲೆ ತಂದು ಮೇಜಿನ ಮೇಲೆ ಉರುಳಿಸಿ, ಅಳೆದು ಕತ್ತರಿಸಿ, ಮತ್ತೆ ಸುತ್ತಿ ನಿಲ್ಲಿಸುವುದು ನಮ್ಮ ಪದ್ಧತಿಯಾಗಿತ್ತು. ಮಳೆಗಾಲದಲ್ಲಿ ರೋಲಿನ ಕೆಳತುದಿ ನೆಲದ ಥಂಡಿಯನ್ನು ಹೀರಿ ಬೂಷ್ಟು ಹಿಡಿಯುತ್ತಿದ್ದುದರಿಂದ ಹೊಸ ಸ್ಟ್ಯಾಂಡು ಬೇಕೆಂಬ ಯೋಚನೆ ಮೊದಲೇ ಇತ್ತು. ಆದರೆ ಅದನ್ನು ಹೇಗೆ ಕಟ್ಟಬೇಕೆಂದು ತೋರಿಸಿಕೊಟ್ಟದ್ದು ಒಂದು ಪರದೆ.

ವಯಸ್ಸಾದ ಗಿರಾಕಿಯೊಬ್ಬರು ಏಳಡಿ ಎತ್ತರದ ಕಿಟಕಿಗೆಂದು ತೆಳುವಾದ ನೆಟ್ ಬಟ್ಟೆ ಒಯ್ದಿದ್ದರು. ಎರಡು ದಿನ ಬಿಟ್ಟು ಹೊಲಿಸಿದ ಪರದೆಯನ್ನೇ ಚೀಲದಲ್ಲಿ ತಂದು ಮೇಜಿನ ಮೇಲೆ ಹಾಸಿ, "ತಮ್ಮಾ, ನೀನು ಅಳೆದಾಗ ಸರಿಯಿತ್ತು, ಮನೆ ಮುಟ್ಟುವಷ್ಟರಲ್ಲಿ ಎಲ್ಲಿ ಕಡಿಮೆಯಾಯಿತು?" ಎಂದು ಕೇಳಿದರು. ಮಡಿಕೆಗೆ ಬಿಟ್ಟದ್ದನ್ನು ಸೇರಿಸಿ ಲೆಕ್ಕ ಹಾಕಿದರೂ ಎರಡು ಇಂಚು ಕಡಿಮೆ ಬರುತ್ತಿತ್ತು. ಅವರಿಗೆ ಬೇರೆ ಬಟ್ಟೆ ಕೊಟ್ಟೆ. ಅವರು ಹೋದ ಮೇಲೆ ಅದೇ ರೋಲಿನಿಂದ ಎರಡು ಮೀಟರನ್ನು ನಾನು ಯಾವಾಗಲೂ ಅಳೆಯುವಂತೆಯೇ ಅಳೆದು, ಗುರುತು ಹಾಕಿ, ಕತ್ತರಿಸಿ, ಅಲ್ಲಿಯೇ ಬಿಟ್ಟೆ. ಸಂಜೆ ಅಳೆದಾಗ ಅದು ಎರಡು ಮೀಟರ್ ಇರಲಿಲ್ಲ. ರೋಲು ತನ್ನ ಭಾರದಿಂದ ಹಿಂದಕ್ಕೆ ಎಳೆಯುತ್ತಿದ್ದಾಗ ನಾನು ಮುಂದಕ್ಕೆ ಎಳೆಯುತ್ತಿದ್ದೆ. ನಡುವೆ ಹಿಗ್ಗಿದ ಬಟ್ಟೆಯನ್ನು ಅಳೆದು ಕೊಡುತ್ತಿದ್ದೆ. ನನ್ನ ಮೀಟರ್ ಕಡ್ಡಿಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತಿತ್ತು, ಕಡ್ಡಿಯಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ, ಆದರೂ ಗಿರಾಕಿಗೆ ಬಟ್ಟೆ ಕಡಿಮೆ ಹೋಗುತ್ತಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಆದ್ದರಿಂದ ಬಟ್ಟೆ ಎಳೆತವಿಲ್ಲದೆ ಮೇಜಿಗೆ ಬಂದು ಸಡಿಲವಾಗಿ ಮಲಗಬೇಕು, ಉಳಿದದ್ದೆಲ್ಲ ಆಮೇಲೆ ಎಂದು ನಿರ್ಧರಿಸಿಕೊಂಡು ಸ್ಟ್ಯಾಂಡಿನ ನಕ್ಷೆ ಬರೆದೆ.

ಮೊದಲು ಬೇಕಾದದ್ದು ಪನ್ನದ, ಅಂದರೆ ಬಟ್ಟೆಯ ಅಗಲದ ಲೆಕ್ಕ. ನನ್ನಲ್ಲಿರುವ ಪರದೆ ಬಟ್ಟೆಯ ಪನ್ನ 48 ಇಂಚು, ಸೋಫಾ ಬಟ್ಟೆ ಮತ್ತು ರೆಕ್ಸಿನ್‌ನದು 54 ಇಂಚು. ಒಳಗಿನ ರಟ್ಟಿನ ಕೊಳವೆ ಎರಡೂ ಬದಿಗೆ ಸ್ವಲ್ಪ ಚಾಚಿಕೊಂಡಿರುವುದರಿಂದ ಎರಡು ಕಂಬಗಳ ನಡುವೆ 62 ಇಂಚು ಬಿಟ್ಟೆ. ಒಂದರ ಮೇಲೊಂದು ಬರುವ ಪೈಪುಗಳ ಅಂತರಕ್ಕೆ ತುಂಬಿದ ರೋಲಿನ ವ್ಯಾಸ ಗೊತ್ತಿರಬೇಕು. ಎರಡು ಇಂಚಿನ ಕೊಳವೆಗೆ ಅರ್ಧ ಮಿಲಿಮೀಟರ್ ದಪ್ಪದ ಬಟ್ಟೆಯನ್ನು 50 ಮೀಟರ್ ಸುತ್ತಿದರೆ ಲೆಕ್ಕಕ್ಕೆ ಏಳೂಕಾಲು ಇಂಚು ಬರುತ್ತದೆ. ಒಂದು ಮಿಲಿಮೀಟರ್ ದಪ್ಪದ ಸೋಫಾ ಬಟ್ಟೆ 40 ಮೀಟರಿಗೇ ಒಂಬತ್ತು ಇಂಚು ಮುಟ್ಟುತ್ತದೆ. ಸುತ್ತು ಬಿಗಿಯಿಲ್ಲದಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಮೇಲಿನ ಮೂರು ಪೈಪುಗಳನ್ನು 9 ಇಂಚಿಗೊಂದರಂತೆಯೂ, ಭಾರದ ರೋಲು ಕೂರುವ ಕೆಳಗಿನ ಮೂರನ್ನು 11 ಇಂಚಿಗೊಂದರಂತೆಯೂ ಇಡಿಸಿದೆ. ಅತಿ ಕೆಳಗಿನ ಪೈಪು ನೆಲದಿಂದ 14 ಇಂಚು ಮೇಲಿದೆ. ನೆಲ ಒರೆಸುವ ಕೋಲು ರೋಲಿನಡಿ ಸಲೀಸಾಗಿ ಹೋಗಿಬರುತ್ತದೆ.

ನಮ್ಮದು ಹಳೆಯ ಕಟ್ಟಡ, ಗೋಡೆ ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲಿನದು. ಅದಕ್ಕೆ ಮೊಳೆ ಹೊಡೆದು ಭಾರ ಹೊರಿಸುವ ಧೈರ್ಯ ನನಗಿರಲಿಲ್ಲ. 40 ಮಿಲಿಮೀಟರ್ ಚೌಕದ ಕಬ್ಬಿಣದ ಕೊಳವೆಯಿಂದ ಆರಡಿ ಎತ್ತರದ ಎರಡು ಏಣಿಗಳನ್ನು ವೆಲ್ಡಿಂಗ್ ಮಾಡಿಸಿ, ಬುಡವನ್ನು ಎರಡಡಿ ಅಗಲ ಮಾಡಿಸಿ, ಎರಡನ್ನೂ ಹಿಂದಿನಿಂದ ಅಡ್ಡಪಟ್ಟಿ ಮತ್ತು ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಕೊಟ್ಟು ಜೋಡಿಸಿದೆವು. ಓರೆಪಟ್ಟಿಯಿಲ್ಲದೆ ನಿಲ್ಲಿಸಿ ನೋಡಿದಾಗ ಬಟ್ಟೆ ಎಳೆದಂತೆಲ್ಲ ಇಡೀ ಸ್ಟ್ಯಾಂಡು ತೂಗುತ್ತಿತ್ತು.

ಪೈಪಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಅಂಗಡಿಯಲ್ಲಿಯೇ ಇದ್ದ ಮುಕ್ಕಾಲು ಇಂಚಿನ ಪರದೆ ಸರಳುಗಳನ್ನು ಹಾಕಿದೆ. ರೆಕ್ಸಿನ್ ರೋಲು ಕೂರಿಸಿದ ಮರುದಿನ ನೋಡಿದರೆ ನಡುವೆ ಒಂದು ಇಂಚು ಜೋತಿತ್ತು. ಜೋತ ಸರಳಿನಿಂದ ಬರುವ ಬಟ್ಟೆಯ ಒಂದು ಅಂಚು ಬಿಗಿ, ಇನ್ನೊಂದು ಸಡಿಲ. ಅದನ್ನು ನೇರ ಮಾಡಲು ಎಳೆದರೆ ಮತ್ತೆ ಹಳೆಯ ರೋಗ. ಎಲ್ಲವನ್ನೂ ತೆಗೆದು ನೀರಿನ ಲೈನಿಗೆ ಬಳಸುವ ಒಂದು ಇಂಚಿನ ಜಿ.ಐ. ಪೈಪು ಹಾಕಿಸಿದೆ. ರಟ್ಟಿನ ಕೊಳವೆಯ ಒಳಗೆ ಪೈಪು ಅತ್ತಿತ್ತ ಆಡದಂತೆ ಎರಡು ತುದಿಗೂ ಲೇತಿನಲ್ಲಿ ಕಡೆಸಿದ ಮರದ ಬಿರಡೆ ಕೂರಿಸಿ, ಬಿರಡೆಯನ್ನು ಪೈಪಿಗೆ ಮೊಳೆಯಿಂದ ಬಿಗಿದಾಗ ರೋಲು ಮತ್ತು ಪೈಪು ಒಂದೇ ಆಗಿ ತಿರುಗತೊಡಗಿದವು. ಪೈಪು ಕೂರುವ ಗೂಡು ಮುಂದಕ್ಕೆ ಬಾಯಿ ತೆರೆದ ಕೊಕ್ಕೆಯಂತಿರುವುದರಿಂದ ಇಬ್ಬರು ಸೇರಿ ರೋಲನ್ನು ಎತ್ತಿ ಬದಲಿಸಬಹುದು. ಅಂಗಡಿಯ ರೋಲುಗಳಿಗೆಲ್ಲ ಇದರಲ್ಲಿ ಜಾಗವಿಲ್ಲ. ಹೆಚ್ಚು ಓಡುವ ಆರು ಇಲ್ಲಿರುತ್ತವೆ, ಉಳಿದವು ಮರದ ಅಟ್ಟದ ಮೇಲೆ ಸರದಿ ಕಾಯುತ್ತವೆ.

ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ದಣಿಸಿದ್ದು ಆ ಗೂಡಿನ ಒಳಮೈ. ಕಬ್ಬಿಣದ ಮೇಲೆ ಕಬ್ಬಿಣ ತಿರುಗಿದಾಗ ಭಾರದ ರೋಲು ಕೈಬಿಟ್ಟ ಮೇಲೂ ಉರುಳುತ್ತ ಹೋಗಿ ಬಟ್ಟೆಯನ್ನು ನೆಲಕ್ಕೆ ಸುರಿಯುತ್ತಿತ್ತು. ಸೈಕಲ್ ಟ್ಯೂಬಿನ ತುಂಡು ಹಾಸಿದೆ. ರಬ್ಬರು ಎಷ್ಟು ಹಿಡಿಯಿತೆಂದರೆ ನೆಟ್ ಬಟ್ಟೆ ಬರುವಾಗಲೇ ಬಿಗಿದು ಬರುತ್ತಿತ್ತು. ಕೊನೆಗೆ ಹಳೆಯ ಸೊಂಟದ ಬೆಲ್ಟಿನ ಚರ್ಮವನ್ನು ಕತ್ತರಿಸಿ, ಒರಟು ಬದಿ ಮೇಲೆ ಬರುವಂತೆ ಅಂಟಿಸಿದಾಗ ಬೇಕಾದ ಹದ ಸಿಕ್ಕಿತು. ಈಗ ಎರಡು ಬೆರಳಿನಿಂದ ಎಳೆದರೆ ಬಟ್ಟೆ ಬರುತ್ತದೆ, ಬೆರಳು ತೆಗೆದರೆ ಅರ್ಧ ಸುತ್ತಿನೊಳಗೆ ನಿಲ್ಲುತ್ತದೆ.

ಸ್ಟ್ಯಾಂಡಿನ ಮುಂದೆಯೇ ಎಂಟಡಿ ಉದ್ದ, ಐದಡಿ ಅಗಲದ ಮೇಜು ಇದೆ. ಗಿರಾಕಿ ಮೇಜಿನ ಆಚೆ ನಿಂತರೆ ಆರು ಬಟ್ಟೆಗಳೂ ಗೇಣುದ್ದ ಇಳಿಬಿದ್ದು ಎದುರಿಗೇ ಕಾಣುತ್ತವೆ. ಮುಟ್ಟಿ ನೋಡಬೇಕೆಂದದ್ದನ್ನು ಮೇಜಿನ ತುದಿಯ ಉರುಳೆಯ ಮೇಲಿನಿಂದ ಹಾಯಿಸಿ ಮುಂದಕ್ಕೆ ತರುತ್ತೇನೆ. ತುದಿಯಿಂದ ಒಂದಡಿ ಒಳಗೆ, ಮೇಜಿಗೆ ಅಡ್ಡವಾಗಿ, ಎರಡು ಅಲ್ಯೂಮಿನಿಯಂ ಪಟ್ಟಿಗಳ ನಡುವೆ 6 ಮಿಲಿಮೀಟರ್ ಸಂದು ಬಿಡಿಸಿದ್ದೇನೆ. ಕತ್ತರಿಯ ಕೆಳಗಿನ ಅಲಗು ಈ ಸಂದಿಗೆ ಇಳಿದು ಒಂದೇ ಓಟದಲ್ಲಿ ಆಚೆ ತುದಿ ಮುಟ್ಟುತ್ತದೆ. ಈ ಸಂದು ಮೇಜಿನ ಅಂಚಿಗೆ ಲಂಬವಾಗಿರದಿದ್ದರೆ ಕತ್ತರಿಸಿದ ಪ್ರತಿ ತುಂಡೂ ಓರೆಯಾಗುತ್ತದೆ. ಬಡಗಿಯ ಮೂಲೆಮಟ್ಟ ಐದಡಿ ಅಗಲಕ್ಕೆ ಸಣ್ಣದಾದ್ದರಿಂದ, ಅಂಚಿನ ಮೇಲೆ 60 ಸೆಂಟಿಮೀಟರ್, ಸಂದಿನ ಮೇಲೆ 80 ಸೆಂಟಿಮೀಟರ್ ಗುರುತು ಮಾಡಿ, ಓರೆಯ ಅಳತೆ ಸರಿಯಾಗಿ 100 ಬರುವವರೆಗೆ ಪಟ್ಟಿಗಳನ್ನು ಸರಿಸಿ ತಿರುಪು ಬಿಗಿದೆವು. ಮೇಜು ಮತ್ತು ಪೈಪುಗಳು ಮಟ್ಟವಾಗಿವೆಯೇ ಎಂದು ರಸಮಟ್ಟ ಇಟ್ಟು ನೋಡಿ, ಸ್ಟ್ಯಾಂಡಿನ ಒಂದು ಕಾಲಿನಡಿ ತಗಡಿನ ತುಂಡು ಕೊಡಬೇಕಾಯಿತು.

ಸಂದಿನಿಂದ ಎರಡು ಮೀಟರಿನವರೆಗೆ ಮೇಜಿನ ಅಂಚಿನಲ್ಲಿ ಗುರುತುಗಳಿವೆ, ಆದರೆ ಅವು ಬಟ್ಟೆ ಎಲ್ಲಿಯವರೆಗೆ ತರಬೇಕೆಂಬ ಅಂದಾಜಿಗೆ ಮಾತ್ರ. ಮಾರಾಟದ ಅಳತೆಯನ್ನು ಮುದ್ರೆಯಿರುವ ಕಡ್ಡಿಯಿಂದಲೇ, ಗಿರಾಕಿಯ ಕಣ್ಣೆದುರೇ ಮಾಡುತ್ತೇನೆ. ಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚು ಬಿಚ್ಚಿ, ಬಟ್ಟೆಯನ್ನು ಒಮ್ಮೆ ಮೇಲೆತ್ತಿ ಗಾಳಿಯೊಡನೆ ಬಿಟ್ಟು, ಅದು ತಾನಾಗಿ ಮಲಗಿದ ಮೇಲೆ ಅಂಗೈಯಿಂದ ಸುಕ್ಕನ್ನಷ್ಟೇ ಸರಿಪಡಿಸಿ ಕಡ್ಡಿ ಇಡುತ್ತೇನೆ. ನೆಟ್ ಮತ್ತು ಹಿಗ್ಗುವ ಸೋಫಾ ಕವರಿನ ಬಟ್ಟೆಯಾದರೆ ಬಿಚ್ಚಿಟ್ಟು ಹತ್ತು ನಿಮಿಷ ಬಿಡುತ್ತೇನೆ. ಗಡಿಬಿಡಿಯ ಗಿರಾಕಿಗೂ ಕಾರಣ ಹೇಳಿದರೆ ಕಾಯುತ್ತಾರೆ. ಚೌಕುಳಿ ಬಟ್ಟೆಯಲ್ಲಿ ಮಾತ್ರ ಸಂದನ್ನು ನಂಬುವುದಿಲ್ಲ. ಹೊಕ್ಕಿನ, ಅಂದರೆ ಅಡ್ಡ ನೂಲಿನ ಒಂದು ಎಳೆಯನ್ನು ಹಿಡಿದು ತೆಗೆದು, ಆ ಗೆರೆಯ ಮೇಲೆಯೇ ಕತ್ತರಿಸುತ್ತೇನೆ.

ಬಣ್ಣ ಹಚ್ಚುವವರಿಗೆ ಒಂದು ಮಾತು ಹೇಳಲೇಬೇಕು. ಸ್ಟ್ಯಾಂಡಿಗೆ ನಾವು ಎಣ್ಣೆಬಣ್ಣ ಬಳಿದದ್ದು ಜುಲೈನಲ್ಲಿ. ಮುಟ್ಟಿದರೆ ಒಣಗಿದಂತಿದ್ದ ಬಣ್ಣ ಮಲೆನಾಡಿನ ಆ ಥಂಡಿಯಲ್ಲಿ ಒಳಗೆ ಹಸಿಯಾಗಿಯೇ ಇದ್ದು, ಕೆನೆಬಣ್ಣದ ಬಟ್ಟೆಯ ಅಂಚಿನ ಉದ್ದಕ್ಕೂ ಹತ್ತಿಕೊಂಡಿತು. ಕೊಳವೆಯ ಕತ್ತರಿಸಿದ ತುದಿಗಳನ್ನೂ ಅರ ಹಾಕಿ ನಯಗೊಳಿಸಬೇಕು, ಇಲ್ಲವಾದರೆ ನೆಟ್ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಸ್ಟ್ಯಾಂಡಿನಿಂದಾದ ಇನ್ನೊಂದು ಅನುಕೂಲ ದಾಸ್ತಾನಿನ ಲೆಕ್ಕ. ರೋಲು ಕಣ್ಣೆದುರು ಅಡ್ಡವಾಗಿರುವುದರಿಂದ ಎಷ್ಟು ಉಳಿದಿದೆ ಎಂದು ನೋಡಿಯೇ ಹೇಳಬಹುದು ಎಂದುಕೊಂಡಿದ್ದೆ, ಆದರೆ ಕಣ್ಣು ಇಲ್ಲಿ ಮೋಸ ಹೋಗುತ್ತದೆ. 50 ಮೀಟರಿನ ಆ ಪರದೆ ರೋಲಿನ ವ್ಯಾಸ ಅರ್ಧಕ್ಕೆ ಇಳಿದಾಗ ಉಳಿದಿರುವುದು 25 ಮೀಟರ್ ಅಲ್ಲ, ಹತ್ತಕ್ಕೂ ಕಡಿಮೆ. ಹಾಗಾಗಿ ಪ್ರತಿ ಬಿರಡೆಗೂ ಒಂದು ರಟ್ಟಿನ ಚೀಟಿ ನೇತುಹಾಕಿ, ಪನ್ನ, ದರ ಮತ್ತು ಬಂದ ಮೀಟರ್ ಬರೆದು, ಕತ್ತರಿಸಿದಾಗಲೆಲ್ಲ ಅದರಲ್ಲಿ ಕಳೆಯುತ್ತೇವೆ. ರೋಲು ಮುಗಿದ ದಿನ ಚೀಟಿಯ ಲೆಕ್ಕವನ್ನೂ ಉಳಿದ ತುಂಡನ್ನೂ ತಾಳೆ ನೋಡುತ್ತೇನೆ. ಮೊದಲು ಎಳೆದು ಅಳೆಯುತ್ತಿದ್ದ ಕಾಲದಲ್ಲಿ ನೆಟ್ ರೋಲುಗಳ ಕೊನೆಗೆ ಲೆಕ್ಕಕ್ಕಿಂತ ಹೆಚ್ಚು ಬಟ್ಟೆ ಉಳಿಯುತ್ತಿತ್ತು, ಅದನ್ನು ನಾನು ಗಿರಣಿಯವರು ಧಾರಾಳವಾಗಿ ಸುತ್ತಿ ಕಳುಹಿಸಿದ್ದಾರೆಂದು ತಿಳಿದಿದ್ದೆ. ಈಗ ಹಾಗೆ ಉಳಿಯುತ್ತಿಲ್ಲ.