ಕಾಳಿಂಗ ಸರ್ಪದ ಗೂಡು: ನಮ್ಮ ಸೊಪ್ಪಿನಬೆಟ್ಟದ ಮೂರು ವರ್ಷ

"ಗೂಡು ಬೆಟ್ಟದಲ್ಲೇ ಇದ್ದರೆ ಒಂದು ಮರಿಯೂ ಉಳಿಯಲ್ಲ, ಮೊಟ್ಟೆ ತೆಗೆಸು ಮಾರಾಯ" ಎಂದು ಊರಿಡೀ ಹೇಳಿತ್ತು. ಈ ಮಳೆಗಾಲ ಅದೇ ಗೂಡಿಂದ 23 ಮರಿ ಹೊರಬಂದವು. ಎಣಿಸಿದವನು ನಾನೇ. (ಸೊಪ್ಪಿನಬೆಟ್ಟ ಅಂದರೆ ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಕಾಡು.)

ಮೊದಲ ವರ್ಷ ಆತುರಪಟ್ಟು ಕೆಡಿಸಿದೆ. ಮರಿಗಳು ಚದುರದಂತೆ ಗೂಡಿನ ಸುತ್ತ ಬಲೆ ಕಟ್ಟಲು ಏಪ್ರಿಲ್‌ನಲ್ಲೇ ಹೋದೆವು. ಬಿದಿರು ಮೆಳೆಯ ಬುಡದಲ್ಲಿ ದರಕಿನ (ಒಣ ಎಲೆಯ) ಗುಡ್ಡೆ, ಅದರ ಮೇಲೆ ತಾಯಿ. ಹೆಡೆ ಎತ್ತಿ ನಿಂತಿತೇ ಹೊರತು ಮೈಮೇಲೆ ಬರಲಿಲ್ಲ. ನಮ್ಮ ಗಲಾಟೆಗೆ ಎದ್ದು ಹೋದದ್ದು ಮತ್ತೆ ಬರಲೇ ಇಲ್ಲ. ವಾರದೊಳಗೆ ಹಂದಿ ಎಲ್ಲ ಕೆದರಿ ತಿಂದಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಎರಡನೇ ವರ್ಷ ಮಳೆ ತಾಗಬಾರದೆಂದು ಟಾರ್ಪಲ್ ಹೊದಿಸಿದೆ. ಒಳಗೆ ಬೆವರಿ ಬೂಸ್ಟು ಹಿಡಿಯಿತು. ಸುಮಾರು 30 ಮೊಟ್ಟೆಗೆ ನಾಲ್ಕೈದೇ ಮರಿ. ಆಮೇಲೆ ಖಾಲಿ ಗೂಡನ್ನು ಎಂಟು ದಿನ ಸುಮ್ನೆ ಮಳೆಗೆ ಬಿಟ್ಟು ಬಿಡಿಸಿ ನೋಡಿದೆ. ಮೇಲಿನ ಒಂದು ಗೇಣು ತೊಯ್ದು ತೊಪ್ಪೆ. ಮೊಟ್ಟೆ ಇದ್ದ ಜಾಗ ಮಾತ್ರ ಕೈಗೆ ಒಣ! ಎಲೆಯನ್ನು ಅಷ್ಟು ಒತ್ತಾಗಿ ಕೂಡಿಸಿರುತ್ತದೆ ಹಾವು. ಅದಕ್ಕೆ ನನ್ನ ಟಾರ್ಪಲ್ ಬೇಕಿರಲಿಲ್ಲ.

ಈ ವರ್ಷ ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದೆ. ವನ್ಯಜೀವಿ ಕಾಯ್ದೆಯ ಷೆಡ್ಯೂಲ್ ಒಂದರಲ್ಲಿ ರಕ್ಷಣೆ ಇರುವ ಪ್ರಾಣಿ, ನೀವೂ ಹಾಗೇ ಮಾಡಿ. ಆ ಇಳಿಜಾರಿನಲ್ಲಿ ದರಕು ಗುಡಿಸುವುದನ್ನೇ ನಿಲ್ಲಿಸಿದೆ. ತೋಟಕ್ಕೆ ಎರಡು ಪಿಕಪ್ ಸೊಪ್ಪು ಹೊರಗಿಂದ ತರಿಸಿದ್ದಕ್ಕೆ ಎಂಟು ಸಾವಿರ ಹೋಯಿತು. ಆಳುಗಳು ಆ ಕಡೆ ಬರಲ್ಲ ಎಂದರು, ಜಾಸ್ತಿ ಕೂಲಿ ಕೊಟ್ಟೆ. ಸೊಳ್ಳೆ ಬಲೆ, ಗೂಟ ಸೇರಿ ಒಟ್ಟು ಹದಿನಾಲ್ಕು ಸಾವಿರದ ಹತ್ತಿರ.

ಬಲೆ ಕಟ್ಟಿದ್ದು ತಾಯಿ ಹೊರಟ ಮೇಲೆ, ಮೊಟ್ಟೆ ಇಟ್ಟು ಸುಮಾರು 75ನೇ ದಿನ. ಹೊರಟಿದೆ ಎಂದು ದೂರದಿಂದಲೇ ಹೇಗೆ ತಿಳಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಓದಿ ಹತ್ತಿರ ಹೋಗುವವರು ಇರುತ್ತಾರೆ. ಗೂಡಿನ ನಡುವೆ ಉದ್ದ ವಯರಿನ ಥರ್ಮಾಮೀಟರ್ ತೂರಿಸಿ ನೋಡುತ್ತಿದ್ದೆ. 26ರಿಂದ 28 ಡಿಗ್ರಿ ಬಿಟ್ಟು ಕದಲಲಿಲ್ಲ.

90 ದಿನದ ಆಸುಪಾಸು, ಜುಲೈನಲ್ಲಿ, ಮೊದಲ ಮೂತಿ ಕಂಡಿತು. ಒಂದೂವರೆ ಅಡಿ ಉದ್ದ, ಕಪ್ಪು ಮೈಗೆ ಬಿಳಿ ಪಟ್ಟೆ. ನೆರಳು ಬಿದ್ದದ್ದೇ ಹೆಡೆ ಬಿಚ್ಚಿತು. 2024ರಲ್ಲಿ ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದಾಯಿತಲ್ವಾ, ವೈಜ್ಞಾನಿಕ ಹೆಸರಿನಲ್ಲೂ ಈಗ "ಕಾಳಿಂಗ" ಇದೆ. ಈ ಘಟ್ಟ ಬಿಟ್ಟರೆ ಅದಕ್ಕೆ ಬೇರೆ ಊರಿಲ್ಲ.

ಇಲಾಖೆಯವರ ಎದುರಲ್ಲೇ ಸಂಜೆ ಬಲೆ ಎತ್ತಿದೆವು. ಕತ್ತಲಾಗುವಷ್ಟರಲ್ಲಿ 22 ಹಳ್ಳದ ಕಡೆ ಸರಿದವು. ಒಂದು ಮಾತ್ರ ಬೆಳಗಿನವರೆಗೂ ಗೂಡಿನ ಮೇಲೇ ಸುತ್ತಿಕೊಂಡಿತ್ತು.