ಗ್ಯಾಸೂ ಅಲ್ಲ, ಕಂಪ್ರೆಸರೂ ಅಲ್ಲ: ಮಧ್ಯಾಹ್ನ ಕೈಕೊಡುತ್ತಿದ್ದ ಕಾರ್ ಎಸಿ

ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನ ಬಿಸಿ. ಇಂಥ ಗಾಡಿ ನಿಮ್ಮ ಶೆಡ್ಡಿಗೂ ಬಂದಿರುತ್ತದೆ. ನನ್ನ ಹತ್ತಿರ ಬಂದಿದ್ದು ಒಂದು ಡೀಸೆಲ್ ಟ್ಯಾಕ್ಸಿ, ಒಂದೂವರೆ ಲಕ್ಷ ಕಿಲೋಮೀಟರ್ ಮೇಲೆ ಓಡಿತ್ತು. ಅದರ ಮಾಲೀಕರನ್ನು ನಾವೆಲ್ಲ ಕಾಕಾ ಅಂತಲೇ ಕರೆಯುತ್ತೇವೆ. ರಾಯಚೂರು ಸ್ಟೇಷನ್ನಿಂದ ಮಂತ್ರಾಲಯಕ್ಕೆ ಭಕ್ತರನ್ನು ಬಿಡುವುದೇ ಅವರ ದುಡಿಮೆ. ಏಪ್ರಿಲ್ ಕೊನೆ, 41 ಡಿಗ್ರಿ ಬಿಸಿಲು. ಗಿಲ್ಲೇಸುಗೂರು ದಾಟುವಷ್ಟರಲ್ಲಿ ಎಸಿ ನಿಂತುಹೋಗುತ್ತಿತ್ತು. ಮಂತ್ರಾಲಯದಲ್ಲಿ ಎರಡು ತಾಸು ನಿಲ್ಲಿಸಿ ಹೊರಟರೆ ಮತ್ತೆ ತಣ್ಣನೆ ಗಾಳಿ.

ನನಗಿಂತ ಮೊದಲು ಇಬ್ಬರು ಕೈಹಾಕಿದ್ದರು. ಇಬ್ಬರೂ ಗ್ಯಾಸ್ ತುಂಬಿದ್ದರು, ಒಂದು ಸಲಕ್ಕೆ ಸಾವಿರದ ಇನ್ನೂರು. ಎರಡನೆಯವರು, "ಕಂಪ್ರೆಸರ್ ಹೋಗ್ಯಾದ ಕಾಕಾ, ಹದಿನೇಳು ಸಾವಿರ ಆಗ್ತದ" ಅಂದುಬಿಟ್ಟಿದ್ದರು.

ನಾನೂ ಮೊದಲು ತಪ್ಪು ಕಡೆಯೇ ಹೋದೆ. ಬಿಟ್ಟು ಬಿಟ್ಟು ನಿಲ್ಲುತ್ತಿದೆ ಅಂದರೆ ಲೈನಿನಲ್ಲಿ ನೀರಿನಂಶ ಇದೆ, ಎಕ್ಸ್‌ಪ್ಯಾನ್ಷನ್ ವಾಲ್ವಿನ (ಗ್ಯಾಸನ್ನು ಸಣ್ಣ ತೂತಿನಿಂದ ಒಳಬಿಡುವ ವಾಲ್ವ್) ಬಾಯಲ್ಲಿ ಐಸ್ ಕಟ್ಟುತ್ತಿದೆ ಅಂದುಕೊಂಡೆ. ವಾಲ್ವ್ ಹೊಸದು, ನೀರಿನಂಶ ಹೀರುವ ಡ್ರೈಯರ್ ಹೊಸದು, ಲೈನ್ ಒಣಗಿಸಲು ಮುಕ್ಕಾಲು ತಾಸು ವ್ಯಾಕ್ಯೂಮ್, ತೂಕ ಹಾಕಿ ಸುಮಾರು 450 ಗ್ರಾಂ ಆರ್-134ಎ ಗ್ಯಾಸ್. ಎಲ್ಲ ಸೇರಿ ಮೂರೂವರೆ ಸಾವಿರ ತಗೊಂಡೆ. ಮೂರನೇ ದಿನ ಕಾಕಾ ಫೋನ್: "ಮಿಸ್ತ್ರಿ, ಮತ್ತ ಅದೇ ಕಥಿ. ಗಿಲ್ಲೇಸುಗೂರು ದಾಟ್ತಿದ್ದಂಗ ಬಿಸಿ ಗಾಳಿ." ಲೇಬರ್ ದುಡ್ಡು ವಾಪಸ್ ಕೊಟ್ಟೆ. ಪಾರ್ಟಿನ ದುಡ್ಡು ಕೊಡಲಾಗಲಿಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಆಮೇಲೆ ಹೈ ಪ್ರೆಷರ್ ಮೇಲೆ ಅನುಮಾನ ಬಂತು. ನಮ್ಮೂರಿನಲ್ಲಿ ಹತ್ತಿ ಮಿಲ್ಲು ಜಾಸ್ತಿ, ಆ ಎಳೆ ಹಾರಿಬಂದು ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಬಿಡುವ ಜಾಲರಿ) ಮತ್ತು ರೇಡಿಯೇಟರ್ ನಡುವೆ ಕೂರುತ್ತದೆ, ಗಾಳಿ ಆಡದೆ ಪ್ರೆಷರ್ ಏರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ. ಮೇಲಿನ ಬೋಲ್ಟ್ ಬಿಚ್ಚಿ ರೇಡಿಯೇಟರ್ ಹಿಂದಕ್ಕೆ ಬಾಗಿಸಿದಾಗ ಹಾಸಿಗೆಯೊಳಗಿನ ಅರಳೆಯಂತೆ ಒಂದು ಪದರ ಎದ್ದು ಬಂತು. ಇಂಜಿನ್ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆದೆ. ಹೈ ಸೈಡ್ ಪ್ರೆಷರ್ 290ರಿಂದ 240 ಪಿಎಸ್‌ಐ ಹತ್ತಿರ ಇಳಿಯಿತು. ಒಳ್ಳೆಯದೇ ಆಯಿತು, ಆದರೆ ರೋಗ ಹೋಗಲಿಲ್ಲ.

ಅದೇ ಹೊತ್ತಲ್ಲಿ ಇನ್ನೊಂದು ಮಾಡಿ ನೋಡಿದೆ. ಹೀಟರಿಗೆ ಹೋಗುವ ಬಿಸಿನೀರಿನ ಹೋಸನ್ನು ಕ್ಲಾಂಪ್ ಹಾಕಿ ಬಿಗಿದೆ. ವೆಂಟಿನಲ್ಲಿ ಎರಡು ಡಿಗ್ರಿ ಇಳಿಯಿತು. ಅಂದರೆ ಹೀಟರಿನ ಬಿಸಿ ತಡೆಯುವ ಒಳಗಿನ ಫ್ಲಾಪ್ ಪೂರ್ತಿ ಮುಚ್ಚುತ್ತಿಲ್ಲ. ಕೇಬಲ್ ಎಳೆದು ಸರಿ ಮಾಡಿದೆ. ಇದು ಪುಕ್ಕಟೆ ಲಾಭ, ಎಸಿ ಸ್ವಲ್ಪ ಕಡಿಮೆ ಅನ್ನುವ ಗಾಡಿಗಳಲ್ಲಿ ನೀವೂ ನೋಡಿ.

ಕೊನೆಗೆ ಗಾಡಿ ಕೆಟ್ಟಾಗಲೇ ನೋಡಬೇಕು ಅಂತ ಕಾಕಾ ಜೊತೆ ನಾನೇ ಹೋದೆ. ಎಸಿ ನಿಂತ ಕೂಡಲೇ ರೋಡ್ ಪಕ್ಕ ಹಾಕಿಸಿ, ಇಂಜಿನ್ ಬಂದ್ ಮಾಡಿಸದೆ ಬಾನೆಟ್ ಎತ್ತಿದೆ. ಪ್ರೆಷರ್ ಗೇಜಿನ ಹೈ, ಲೋ ಎರಡೂ ಮುಳ್ಳು ಒಂದನ್ನೊಂದು ಹುಡುಕಿಕೊಂಡು ಬಂದು 140ರ ಆಸುಪಾಸು ಕೂತವು, ಅಂದರೆ ಕಂಪ್ರೆಸರ್ ತಿರುಗುತ್ತಿಲ್ಲ. ಬೆಲ್ಟ್ ಓಡಿಸುವ ಅದರ ಪುಲ್ಲಿ ತಿರುಗುತ್ತಿದೆ, ಕಂಪ್ರೆಸರನ್ನು ತಿರುಗಿಸುವ ಮುಂದಿನ ಪ್ಲೇಟ್ ನಿಂತಿದೆ. ಕರೆಂಟ್ ಬಂದಾಗ ಪ್ಲೇಟನ್ನು ಪುಲ್ಲಿಗೆ ಅಂಟಿಸುವುದು ಎಸಿ ಕ್ಲಚ್, ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಇಟ್ಟೆ, ಫುಲ್ ಬೆಳಕು! ಕರೆಂಟ್ ಬರುತ್ತಿದೆ, ಕ್ಲಚ್ ಹಿಡಿಯುತ್ತಿಲ್ಲ. ಬೆಲ್ಟಿನಿಂದ ಕೈ ದೂರ ಇಟ್ಟು, ಉದ್ದನೆ ಕಟ್ಟಿಗೆಯ ತುದಿಯಿಂದ ಪ್ಲೇಟಿಗೆ ಮೆಲ್ಲಗೆ ಒತ್ತಿದೆ. ಟಪ್ ಅಂತ ಹಿಡಿಯಿತು. ಒಂದೇ ನಿಮಿಷದಲ್ಲಿ ಕಾಕಾ ಒಳಗಿಂದ "ಬಂತು, ಬಂತು" ಅಂದರು.

ಪ್ಲೇಟ್ ಸವೆದು ಅದಕ್ಕೂ ಪುಲ್ಲಿಗೂ ನಡುವಿನ ಗ್ಯಾಪ್ ಹೆಚ್ಚಾಗಿತ್ತು, ಅಷ್ಟೇ. ಕ್ಲಚ್ಚಿನೊಳಗೆ ಅಯಸ್ಕಾಂತದಂತೆ ಎಳೆಯುವ ಕಾಯಿಲ್ ಕಾದಾಗ ಅದರ ಎಳೆತ ಕಡಿಮೆಯಾಗುತ್ತದೆ, ದೂರದ ಪ್ಲೇಟನ್ನು ಎಳೆದುಕೊಳ್ಳಲು ಆಗುವುದಿಲ್ಲ. ತಣ್ಣಗಾದರೆ ಮತ್ತೆ ಎಳೆಯುತ್ತದೆ. ಶೆಡ್ಡಿಗೆ ಬಂದು ಸಂದು ಅಳೆಯುವ ಫೀಲರ್ ಗೇಜ್ ಹಾಕಿದೆ, 0.9 ಮಿ.ಮೀ. ಇರಬೇಕಾದ್ದು ಅರ್ಧ ಮಿ.ಮೀ ಆಸುಪಾಸು.

ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ತೆಗೆದರೆ ಶಾಫ್ಟಿನ ಮೇಲೆ ಎರಡು ಶಿಮ್ ಇದ್ದವು, ಪ್ಲೇಟನ್ನು ಪುಲ್ಲಿಯಿಂದ ದೂರ ಇಡುವ, ಉಗುರಿನಷ್ಟು ತೆಳು ವಾಷರ್. ಉತ್ಸಾಹದಲ್ಲಿ ಎರಡನ್ನೂ ತೆಗೆದೆ. ಅದು ತಪ್ಪಾಯಿತು. ಎಸಿ ಬಂದ್ ಇದ್ದರೂ ಪ್ಲೇಟ್ ಪುಲ್ಲಿಗೆ ಉಜ್ಜಿ ಸುಟ್ಟ ವಾಸನೆ ಬಂತು. ಮತ್ತೆ ಬಿಚ್ಚಿ ತೆಳುವಾದದ್ದನ್ನು ಒಳಗೆ ಬಿಟ್ಟೆ. 0.4ಕ್ಕೆ ಬಂತು. ಸುತ್ತ ಮೂರು ಕಡೆ ಅಳೆಯಿರಿ, ಒಂದೇ ಕಡೆ ನೋಡಿ ನಂಬಬೇಡಿ. ಪುಲ್ಲರ್ ಇಲ್ಲದೆ ಪ್ಲೇಟ್ ಹೇಗೆ ಎಬ್ಬಿಸುತ್ತೇನೆ, ರೋಡಿಗೆ ಹೋಗದೆ ಶೆಡ್ಡಿನಲ್ಲೇ ಈ ಕಾಯಿಲೆಯನ್ನು ಹೇಗೆ ಬರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಪಾರ್ಟಿನ ಖರ್ಚು ಸೊನ್ನೆ. ಆ ಮೇ ತಿಂಗಳು ಪೂರ್ತಿ ಕಾಕಾ ದಿನಕ್ಕೆ ಎರಡು ಟ್ರಿಪ್ ಹೊಡೆದರು, ವೆಂಟಿನಲ್ಲಿ 8-9 ಡಿಗ್ರಿ. "ವಾಷರ್ ತೆಗೆದರೆ ಎಸಿ ಸರಿಯಾಗುತ್ತಾ" ಅಂತ ಪಕ್ಕದ ಅಂಗಡಿಯವರು ನಂಬಿರಲಿಲ್ಲ. ಆಮೇಲೆ ಹೀಗೆ ಕೆಟ್ಟ ಎಂಟೊಂಬತ್ತು ಗಾಡಿ ಬಂದಿವೆ, ಐದರಲ್ಲಿ ಇದೇ ಕಾರಣ. ಒಂದರಲ್ಲಿ ಕಾಯಿಲ್ಲೇ ಸುಟ್ಟಿತ್ತು, ಅದಕ್ಕೆ ಹೊಸ ಕಾಯಿಲ್ ಬೇಕಾಯಿತು. ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುವ ಗಾಡಿಗಳಿಗೆ ಈ ಕೆಲಸ ನಡೆಯುವುದಿಲ್ಲ, ಅಲ್ಲಿ ಸುಮ್ನೆ ಟೈಮ್ ಕಳೆಯಬೇಡಿ.

ಅವತ್ತು ಹದಿನೇಳು ಸಾವಿರ ಹೇಳಿದ್ದವರು ಹೋದ ವಾರ ತಾವೇ ಒಂದು ಗಾಡಿ ಕಳಿಸಿದ್ದರು. ಗ್ಯಾಪ್ ಒಂದು ಮಿ.ಮೀ ಹತ್ತಿರ ಇತ್ತು. ಆರುನೂರು ರೂಪಾಯಿ ತಗೊಂಡೆ.